ಮಹಾಯುದ್ಧದ ತಿರುವುಗಳು: ಉಗ್ರಾಣದ ಬಾಗಿಲಿನಿಂದ



ಎರಡನೆಯ ಮಹಾಯುದ್ಧದ ತಿರುವುಗಳು ಯಾವುವು ಎಂದು ಕೇಳಿದರೆ ಪದವಿ ತರಗತಿಯ ವಿದ್ಯಾರ್ಥಿಗಳು ತಡವರಿಸದೆ ಉತ್ತರ ಕೊಡುತ್ತಾರೆ. ಮಿಡ್‌ವೇ, ಎಲ್ ಅಲಮೈನ್, ಸ್ಟಾಲಿನ್‌ಗ್ರಾಡ್, ನಾರ್ಮಂಡಿ. ಪ್ರತಿಯೊಂದಕ್ಕೂ ಒಂದು ತಾರೀಖು, ಒಬ್ಬ ಸೇನಾಪತಿ. ಉತ್ತರ ತಪ್ಪಲ್ಲ. ಆದರೆ ಆ ತಾರೀಖುಗಳಂದು ರಣರಂಗದಲ್ಲಿ ಕಂಡ ಫಲಿತಾಂಶ ಬಹುಮಟ್ಟಿಗೆ ಎಷ್ಟೋ ತಿಂಗಳ ಹಿಂದೆಯೇ ಬೇರೆ ಕಡೆ ಇತ್ಯರ್ಥವಾಗಿತ್ತು: ರೈಲು ಹಳಿಯ ಮೇಲೆ, ಎಣ್ಣೆಯ ಟ್ಯಾಂಕಿನಲ್ಲಿ, ಹಡಗುಕಟ್ಟೆಯಲ್ಲಿ, ಅಕ್ಕಿಯ ಗೋದಾಮಿನಲ್ಲಿ. ಇವತ್ತು ಈ ಯುದ್ಧವನ್ನು ಉಗ್ರಾಣದ ಬಾಗಿಲಲ್ಲಿ ನಿಂತು ನೋಡಬೇಕೆಂದಿದ್ದೇನೆ. ಅಲ್ಲಿ ನಿಂತಾಗ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಒಬ್ಬರ ಉಗ್ರಾಣ ತುಂಬಿಸಲು ಮತ್ತೆ ಮತ್ತೆ ಇನ್ನೊಬ್ಬರದನ್ನು ಬರಿದು ಮಾಡಿದ್ದಾರೆ. ಹಾಗೆ ಬರಿದಾದವುಗಳಲ್ಲಿ ಒಂದು ನಮ್ಮ ದೇಶದ್ದು. ತಿರುವುಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ.

1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಏರಿ ಹೋಯಿತು. ಮೂವತ್ತು ಲಕ್ಷಕ್ಕೂ ಮೀರಿದ ಸೈನ್ಯ. ಸಾಲುಗಟ್ಟಿದ ಟ್ಯಾಂಕುಗಳ ಚಿತ್ರಗಳನ್ನೇ ನೋಡಿ ಅದು ಪೂರ್ತಿ ಯಂತ್ರಗಳ ಸೇನೆ ಎಂದುಕೊಂಡಿದ್ದೇವೆ. ಅದರ ಜೊತೆ ಆರು ಲಕ್ಷಕ್ಕೂ ಹೆಚ್ಚು ಕುದುರೆಗಳು ಹೊರಟಿದ್ದವು. ಮುಂದೆ ಟ್ಯಾಂಕು ಓಡುತ್ತಿತ್ತು, ಬಹುಪಾಲು ಸೇನೆ ಅದರ ಹಿಂದೆ ಕಾಲ್ನಡಿಗೆಯಲ್ಲಿ ಬರುತ್ತಿತ್ತು, ಫಿರಂಗಿಗಳನ್ನೂ ಗಾಡಿಗಳನ್ನೂ ಕುದುರೆ ಎಳೆಯುತ್ತಿತ್ತು. ಇಷ್ಟು ಜನಕ್ಕೆ, ಇಷ್ಟು ಪ್ರಾಣಿಗಳಿಗೆ, ಸಾವಿರ ಕಿಲೋಮೀಟರಿನಾಚೆ ತಿನ್ನಲು ಒದಗಿಸಬಲ್ಲದ್ದು ರೈಲು ಮಾತ್ರ. ಜರ್ಮನಿಯ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್, ರಷ್ಯದ್ದು 1524. ಒಂದು ಗೇಣೂ ಇಲ್ಲದ ಈ ವ್ಯತ್ಯಾಸದಿಂದಾಗಿ ಜರ್ಮನಿಯ ಎಂಜಿನ್ನು ಗಡಿ ದಾಟಿದರೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ಮೀಟರ್ ಗೇಜ್ ಗಾಡಿಯಿಂದ ಇಳಿದು, ಗಂಟುಮೂಟೆ ಹೊತ್ತು, ಬ್ರಾಡ್‌ಗೇಜ್ ಗಾಡಿ ಹತ್ತಿದ ನೆನಪಿರುವ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಹಳಿ ಕಿತ್ತು ಹತ್ತಿರಕ್ಕೆ ಸರಿಸಿ ಮತ್ತೆ ಬಡಿಯುವ ಕೆಲಸ ಮುಂದೆ ಹೋದ ಸೇನೆಯ ವೇಗಕ್ಕೆ ಸಾಟಿಯಾಗಲಿಲ್ಲ.

ರಷ್ಯದ ಚಳಿಯೇ ಹಿಟ್ಲರನನ್ನು ಸೋಲಿಸಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಳಿಯ ಉಡುಪುಗಳು ಜರ್ಮನ್ ಸೇನೆಯ ಬಳಿ ಇದ್ದವು. ಅವುಗಳಲ್ಲಿ ಬಹಳಷ್ಟು ಪೋಲೆಂಡಿನ ದಾಸ್ತಾನು ಕೋಠಿಗಳಲ್ಲೇ ಬಿದ್ದಿದ್ದವು. ಇದ್ದ ನಾಲ್ಕಾರು ರೈಲುಗಳಲ್ಲಿ ಮದ್ದುಗುಂಡು ಕಳಿಸುವುದೋ, ಪೆಟ್ರೋಲು ಕಳಿಸುವುದೋ, ಕೋಟು ಕಳಿಸುವುದೋ ಎಂಬ ಪ್ರಶ್ನೆ ಬಂದಾಗ ಕೋಟು ಹಿಂದೆ ಉಳಿಯಿತು. ಅಕ್ಟೋಬರಿನ ಮಳೆಗೆ ರಸ್ತೆಗಳು ಕೆಸರಾದವು, ನವೆಂಬರಿನಲ್ಲಿ ಕೆಸರು ಹೆಪ್ಪುಗಟ್ಟಿತು, ಅಷ್ಟು ಹೊತ್ತಿಗೆ ಮಾಸ್ಕೋ ಕೂಗಳತೆಯಲ್ಲಿದ್ದರೂ ಸೇನೆಯ ಕೈಕಾಲು ಬಿದ್ದುಹೋಗಿತ್ತು. ಎದುರಾಳಿಗಳು ಇದೇ ತಿಂಗಳುಗಳಲ್ಲಿ ಉಗ್ರಾಣವನ್ನೇ ಹೊತ್ತೊಯ್ದಿದ್ದರು. ಒಂದೂವರೆ ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ಯೂರಲ್ ಪರ್ವತಗಳ ಕಡೆಗೂ ಅವುಗಳಾಚೆಗೂ ಸಾಗಿಸಿದರು. ಖಾರ್ಕೋವಿನ ಟ್ಯಾಂಕ್ ಕಾರ್ಖಾನೆ ನಿಜ್ನಿ ತಾಗಿಲ್‌ನಲ್ಲಿ ಮತ್ತೆ ಎದ್ದು ನಿಂತು ಟಿ-34 ಟ್ಯಾಂಕುಗಳನ್ನು ಹೊರಗೆ ಕಳಿಸತೊಡಗಿತು. ಯಾವ ಚಿತ್ರಪಟದಲ್ಲೂ ಬಾರದ ಈ ವಲಸೆಯನ್ನು ನಾನು ಯುದ್ಧದ ಮೊದಲ ದೊಡ್ಡ ತಿರುವು ಎಂದು ಎಣಿಸುತ್ತೇನೆ.

ಇಲ್ಲಿಯೇ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. ಜರ್ಮನಿಯ ಯೋಜಕರು ದಾಳಿಗೆ ಮುಂಚೆಯೇ ಒಂದು ಲೆಕ್ಕ ಹಾಕಿದ್ದರು. ಸೇನೆ ಉಕ್ರೇನಿನ ಧಾನ್ಯ ತಿಂದು ಬದುಕಬೇಕು, ಅದರಿಂದ ಸೋವಿಯತ್ ನಗರಗಳಲ್ಲಿ ಕೋಟ್ಯಂತರ ಜನ ಹಸಿದು ಸತ್ತರೆ ಸಾಯಲಿ. ಕೃಷಿ ಸಚಿವಾಲಯದ ಹೆರ್ಬರ್ಟ್ ಬಾಕೆ ಈ ಲೆಕ್ಕದ ಮುಖ್ಯ ಕರ್ತೃ. ಸುತ್ತುಗಟ್ಟಿದ ಲೆನಿನ್‌ಗ್ರಾಡಿನಲ್ಲಿ 1941ರ ನವೆಂಬರ್ 20ರಿಂದ ಕೂಲಿ ಕೆಲಸಕ್ಕೆ ಹೋಗದವರಿಗೆ, ಮಕ್ಕಳಿಗೆ, ಮುದುಕರಿಗೆ ಸಿಕ್ಕ ಪಡಿತರ ದಿನಕ್ಕೆ 125 ಗ್ರಾಂ ಬ್ರೆಡ್ಡು. ಅದರಲ್ಲೂ ಹಿಟ್ಟಿನ ಜೊತೆ ಬೇರೆ ಬೆರಕೆ ಸಾಕಷ್ಟಿತ್ತು. ಜರ್ಮನರ ಕೈಗೆ ಸಿಕ್ಕ ಸೋವಿಯತ್ ಯುದ್ಧ ಕೈದಿಗಳಲ್ಲಿ ಸುಮಾರು ಮೂವತ್ತು ಲಕ್ಷ ಮಂದಿ ಸೆರೆಯಲ್ಲೇ ಸತ್ತರು, ಬಹಳ ಮಂದಿ ಅನ್ನವಿಲ್ಲದೆ. ಹಸಿವು ಆ ಯುದ್ಧದಲ್ಲಿ ಆಕಸ್ಮಿಕವಾಗಿ ಬಂದದ್ದಲ್ಲ. ಅದು ಕಾಗದದ ಮೇಲೆ ಬರೆದಿಟ್ಟ ಆಯುಧವಾಗಿತ್ತು.

1941ರ ಡಿಸೆಂಬರಿನ ಒಂದು ವಾರ. 5 ಮತ್ತು 6ರಂದು ಮಾಸ್ಕೋ ಎದುರು ಸೋವಿಯತ್ ಪ್ರತಿದಾಳಿ ಶುರುವಾಯಿತು. 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. 11ರಂದು ಹಿಟ್ಲರ್ ಅಮೆರಿಕದ ಮೇಲೆ ಯುದ್ಧ ಸಾರಿದ. ಇಡೀ ಯುದ್ಧದಲ್ಲಿ ಒಂದೇ ತಿರುವು ಆರಿಸಿ ಎಂದರೆ ನಾನು ಆರಿಸುವುದು ಈ ವಾರವನ್ನು. ಜಪಾನು ಆ ಸಾಹಸಕ್ಕೆ ಇಳಿದದ್ದೂ ಎಣ್ಣೆಗಾಗಿ. ತನಗೆ ಬೇಕಾದ ಎಣ್ಣೆಯ ಬಹುಪಾಲನ್ನು ಅದು ಅಮೆರಿಕದಿಂದಲೇ ಕೊಳ್ಳುತ್ತಿತ್ತು. 1941ರ ಬೇಸಿಗೆಯಲ್ಲಿ ಅಮೆರಿಕ ಮಾರಾಟ ನಿಲ್ಲಿಸಿತು. ಮಿಕ್ಕ ದಾಸ್ತಾನು ಮುಗಿಯುವುದರೊಳಗೆ ಡಚ್ಚರ ಕೈಯಲ್ಲಿದ್ದ ಇಂಡೋನೇಷ್ಯದ ಎಣ್ಣೆ ಬಾವಿಗಳನ್ನು ಹಿಡಿಯಬೇಕು, ಅಡ್ಡ ಬರಬಹುದಾದ ಅಮೆರಿಕದ ನೌಕಾಪಡೆಯನ್ನು ಮೊದಲೇ ಬಡಿಯಬೇಕು ಎಂಬುದು ಲೆಕ್ಕ. ಪರ್ಲ್ ಹಾರ್ಬರಿನಲ್ಲಿ ಯುದ್ಧನೌಕೆಗಳು ಮುಳುಗಿದವು. ಆದರೆ ಬಂದರಿನ ಪಕ್ಕದಲ್ಲಿ ಬಯಲಿಗೇ ನಿಂತಿದ್ದ ಎಣ್ಣೆಯ ಟ್ಯಾಂಕುಗಳನ್ನೂ ದುರಸ್ತಿಯ ಕಾರ್ಖಾನೆಗಳನ್ನೂ ಜಪಾನಿ ವಿಮಾನಗಳು ಮುಟ್ಟದೆ ಹೋದವು. ಎಣ್ಣೆಗಾಗಿ ಯುದ್ಧಕ್ಕೆ ಇಳಿದವರೇ ಎದುರಾಳಿಯ ಎಣ್ಣೆಯನ್ನು ಬಿಟ್ಟುಹೋದರು!

ಆ ದುರಸ್ತಿ ಕಟ್ಟೆಯ ಬೆಲೆ ಆರು ತಿಂಗಳಲ್ಲಿ ತಿಳಿಯಿತು. 1942ರ ಮೇ ತಿಂಗಳಲ್ಲಿ ಕೋರಲ್ ಸಮುದ್ರದ ಕದನದಲ್ಲಿ ಪೆಟ್ಟು ತಿಂದ ಯಾರ್ಕ್‌ಟೌನ್ ಎಂಬ ವಿಮಾನವಾಹಕ ಹಡಗು ಪರ್ಲ್ ಹಾರ್ಬರಿಗೆ ಬಂತು. ಸಾವಿರಕ್ಕೂ ಹೆಚ್ಚು ಕೆಲಸಗಾರರು ಹಗಲಿರುಳು ದುಡಿದು ಮೂರು ದಿನದೊಳಗೆ ಅದನ್ನು ಮತ್ತೆ ಸಮುದ್ರಕ್ಕೆ ಬಿಟ್ಟರು. ಜಪಾನು ಎಲ್ಲಿಗೆ ಬರಲಿದೆ ಎಂಬುದೂ ಅಮೆರಿಕನ್ನರಿಗೆ ಗೊತ್ತಾಗಿತ್ತು. ಹವಾಯಿಯ ಒಂದು ನೆಲಮಾಳಿಗೆಯಲ್ಲಿ ಜೋಸೆಫ್ ರೋಶ್‌ಫೋರ್ಟ್ ಅವರ ತಂಡ ಜಪಾನಿ ಸಂಕೇತಲಿಪಿಯನ್ನು ಒಡೆಯುತ್ತಿತ್ತು. ದಾಳಿಯ ಜಾಗ ‘ಎಎಫ್’ ಎಂದಷ್ಟೇ ತಿಳಿದಿತ್ತು. ಅದು ಮಿಡ್‌ವೇ ದ್ವೀಪವೇ ಎಂದು ಖಾತ್ರಿ ಮಾಡಿಕೊಳ್ಳಲು ಅಲ್ಲಿಂದ, ನಮ್ಮ ನೀರು ಶುದ್ಧಿ ಮಾಡುವ ಯಂತ್ರ ಕೆಟ್ಟಿದೆ ಎಂದು ಬಹಿರಂಗವಾಗಿ ರೇಡಿಯೋ ಸಂದೇಶ ಕಳಿಸುವಂತೆ ಮಾಡಿದರು. ಸ್ವಲ್ಪದರಲ್ಲೇ, ಎಎಫ್‌ನಲ್ಲಿ ಸಿಹಿನೀರಿಗೆ ತೊಂದರೆಯಾಗಿದೆ ಎಂಬ ಜಪಾನಿ ಸಂದೇಶ ಸಿಕ್ಕಿಬಿತ್ತು. ಜೂನ್ 4ರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಕೆಲವೇ ನಿಮಿಷಗಳಲ್ಲಿ, ಅಕಾಗಿ, ಕಾಗಾ, ಸೋರ್ಯು ಎಂಬ ಮೂರು ವಿಮಾನವಾಹಕಗಳು ಹೊತ್ತಿಕೊಂಡವು. ನಾಲ್ಕನೆಯದಾದ ಹಿರ್ಯು ಸಂಜೆಗೆ. ಇದನ್ನು ಬರಿಯ ಉಗ್ರಾಣದ ಲೆಕ್ಕಕ್ಕೆ ಇಳಿಸಲಾಗದು. ಬುದ್ಧಿ, ಧೈರ್ಯ, ಅದೃಷ್ಟ ಎಲ್ಲ ಅಲ್ಲಿದ್ದವು. ವಾಪಸಾಗುವ ಭರವಸೆಯಿಲ್ಲದೆ ಕೆಳಕ್ಕೆ ಹಾರಿ ಬಂದ ಟಾರ್ಪಿಡೋ ವಿಮಾನಗಳ ಒಂದು ತುಕಡಿಯಲ್ಲಿ ಹದಿನೈದಕ್ಕೆ ಹದಿನೈದೂ ಉರುಳಿದವು, ಬದುಕುಳಿದವನು ಒಬ್ಬನೇ. ಆದರೆ ಮೂರು ದಿನದಲ್ಲಿ ಒಂದು ಹಡಗನ್ನು ದುರಸ್ತಿ ಮಾಡಬಲ್ಲ ದೇಶಕ್ಕೂ ಕಳೆದ ನಾಲ್ಕು ಹಡಗುಗಳ ಜಾಗ ತುಂಬಲಾರದ ದೇಶಕ್ಕೂ ನಡುವೆ ಮುಂದಿನ ಮೂರು ವರ್ಷ ನಡೆದದ್ದು ಸಮಬಲರ ಯುದ್ಧವಲ್ಲ.

ಸ್ಟಾಲಿನ್‌ಗ್ರಾಡಿನಲ್ಲಿ ಸ್ವಲ್ಪ ನಿಲ್ಲೋಣ.

1942ರಲ್ಲಿ ಹಿಟ್ಲರನಿಗೆ ಬೇಕಾಗಿದ್ದದ್ದು ಕಾಕಸಸ್ ಸೀಮೆಯ ಎಣ್ಣೆ: ಮೈಕೋಪ್, ಗ್ರೋಜ್ನಿ, ಬಾಕು. ವೋಲ್ಗಾ ದಂಡೆಯ ಸ್ಟಾಲಿನ್‌ಗ್ರಾಡ್ ಮೊದಲಿಗೆ ಆ ದಾರಿಯ ಪಕ್ಕದ ಒಂದು ಕೆಲಸ ಮಾತ್ರ. ಸೇನೆಯನ್ನು ಎರಡಾಗಿ ಒಡೆದು ಒಂದನ್ನು ಎಣ್ಣೆಯ ಕಡೆಗೆ, ಇನ್ನೊಂದನ್ನು ನಗರದ ಕಡೆಗೆ ಕಳಿಸಿದ. ಇದ್ದ ಪೆಟ್ರೋಲು ಒಂದಕ್ಕೇ ಸಾಲದಾಗಿತ್ತು. ಆಗಸ್ಟ್ 23ರ ಬಾಂಬ್ ದಾಳಿಯಲ್ಲಿ ನಗರ ಉರಿದುಹೋಯಿತು. ಆಮೇಲೆ ಬೀದಿ ಬೀದಿಗೆ, ಮಹಡಿ ಮಹಡಿಗೆ ಕಾದಾಟ. ನಗರದ ದಕ್ಷಿಣಕ್ಕೆ ಕಾಂಕ್ರೀಟಿನ ಎತ್ತರದ ಧಾನ್ಯದ ಕಣಜ ಒಂದಿತ್ತು. ಸೆಪ್ಟೆಂಬರಿನಲ್ಲಿ ಸುಮಾರು ಐವತ್ತು ಸೋವಿಯತ್ ಸೈನಿಕರು ಅದರೊಳಗೆ ಸೇರಿಕೊಂಡು ದಿನಗಟ್ಟಲೆ ಅದನ್ನು ಬಿಟ್ಟುಕೊಡಲಿಲ್ಲ. ಫಿರಂಗಿ ಹೊಡೆತಕ್ಕೆ ಒಳಗಿನ ಗೋಧಿ ಹೊತ್ತಿಕೊಂಡು ಹೊಗೆಯಾಡುತ್ತಿತ್ತು. ಮೆಷಿನ್‌ಗನ್ನುಗಳ ನಳಿಗೆ ತಣಿಸುವ ನೀರೂ ಆರಿಹೋಯಿತು, ಕುಡಿಯಲೂ ನೀರಿಲ್ಲ. ಕೊನೆಗೆ ಕಣಜ ಜರ್ಮನರ ವಶವಾಯಿತು. ಅವರ ಆರನೆಯ ಸೇನೆಯ ದಂಡನಾಯಕ ಪೌಲುಸ್, ಗೆಲುವಿನ ನೆನಪಿಗೆ ಸೈನಿಕರ ತೋಳಿಗೆ ಹಾಕಲೆಂದು ಮಾಡಿಸಿದ ಲಾಂಛನದ ನಡುವೆ ಇದೇ ಕಣಜದ ಚಿತ್ರವಿತ್ತು. ನಾಲ್ಕೇ ತಿಂಗಳಲ್ಲಿ ಅದೇ ಸೇನೆ ಕಾಳಿಗೆ ಕಾಳು ಎಣಿಸಬೇಕಾಯಿತು.

ನವೆಂಬರ್ 19 ಮತ್ತು 20ರಂದು ಸೋವಿಯತ್ ಪಡೆಗಳು ನಗರದ ಒಳಗಲ್ಲ, ಬಹು ದೂರದ ಎರಡು ಪಕ್ಕೆಗಳಲ್ಲಿ ನುಗ್ಗಿದವು. ಅಲ್ಲಿ ಕಾವಲಿದ್ದವರು ರುಮೇನಿಯದ ಸೈನಿಕರು. ಅವರಿಗೆ ಟ್ಯಾಂಕನ್ನು ತಡೆಯಬಲ್ಲ ಫಿರಂಗಿಗಳೇ ಸಾಕಷ್ಟು ಇರಲಿಲ್ಲ. 23ರಂದು ಕಲಾಚ್ ಬಳಿ ಇಕ್ಕುಳದ ಎರಡು ತುದಿ ಸೇರಿದವು. ಒಳಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ವಿಮಾನದಲ್ಲಿ ಸಾಮಗ್ರಿ ಒದಗಿಸುತ್ತೇನೆ ಎಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ಈ ಭರವಸೆಗೆ ಒಂದು ಹಿನ್ನೆಲೆಯಿತ್ತು. ಅದೇ ವರ್ಷದ ಆರಂಭದಲ್ಲಿ ದೆಮ್ಯಾನ್ಸ್ಕ್ ಎಂಬಲ್ಲಿ ಸಿಕ್ಕಿಬಿದ್ದ ಸುಮಾರು ಒಂದು ಲಕ್ಷ ಮಂದಿಯನ್ನು ಹೀಗೆಯೇ ಉಳಿಸಿಕೊಂಡಿದ್ದರು. ಒಮ್ಮೆ ದಕ್ಕಿದ್ದು ಎರಡೂವರೆ ಪಟ್ಟು ಜನಕ್ಕೂ ದಕ್ಕೀತು ಎಂದುಕೊಂಡರು. ದಿನಕ್ಕೆ ಕನಿಷ್ಠ 300 ಟನ್ ಬೇಕಿತ್ತು. ತಲುಪಿದ್ದು ಸರಾಸರಿ 100 ಟನ್ನಿನ ಆಸುಪಾಸು. ಮಂಜು, ಹಿಮ, ಸೋವಿಯತ್ ಯುದ್ಧವಿಮಾನಗಳು. ಡಿಸೆಂಬರ್ 24ರಂದು ತಾತ್ಸಿನ್ಸ್ಕಾಯದ ವಿಮಾನ ನೆಲೆಯ ಮೇಲೆ ಸೋವಿಯತ್ ಟ್ಯಾಂಕುಗಳೇ ಹರಿದು ಬಂದವು. ಒಳಗಿದ್ದವರು ಗಾಡಿ ಎಳೆಯುತ್ತಿದ್ದ ಕುದುರೆಗಳನ್ನು ಕೊಂದು ತಿಂದರು. ಜನವರಿಯಲ್ಲಿ ಒಳಗಿನ ವಿಮಾನ ನೆಲೆಗಳೂ ಕೈಬಿಟ್ಟವು. 31ರಂದು ಪೌಲುಸ್ ಶರಣಾದ. ಉಳಿದವರು 1943ರ ಫೆಬ್ರುವರಿ 2ರಂದು. ಸೆರೆ ಸಿಕ್ಕವರು ಸುಮಾರು 91,000 ಮಂದಿ. ಆಗಲೇ ಹಸಿದು, ಜ್ವರ ಹಿಡಿದು ಬಸವಳಿದಿದ್ದ ಅವರಲ್ಲಿ ಮನೆಗೆ ಮರಳಿದವರು ಐದಾರು ಸಾವಿರ, ಕೊನೆಯವರು 1955ರಲ್ಲಿ. ಕೊಲ್ಲಲೆಂದು ಬಂದವರೇ ಆದರೂ ಈ ಅಂಕಿಯನ್ನು ಓದುವಾಗ ಕರುಳು ಹಿಂಡುತ್ತದೆ, ಹಿಂಡಬೇಕು.

ಕುರ್ಸ್ಕ್, ಇಟಲಿ, ನಾರ್ಮಂಡಿಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಸ್ಟಾಲಿನ್‌ಗ್ರಾಡಿನ ಕದನವಾದ ಮೇಲೆ ಜರ್ಮನಿ ಸೋಲುವುದೇ ಇಲ್ಲವೇ ಎಂಬ ಪ್ರಶ್ನೆ ಹೋಗಿ, ಯಾವಾಗ, ಎಷ್ಟು ಸಾವಿನ ನಂತರ ಎಂಬುದಷ್ಟೇ ಉಳಿದಿತ್ತು. ಆಮೇಲೆ ಸೋವಿಯತ್ ಸೇನೆ ಪಶ್ಚಿಮಕ್ಕೆ ಓಡಿದ್ದು ಬಹುಮಟ್ಟಿಗೆ ಅಮೆರಿಕ ಕಳಿಸಿದ ಲಾರಿಗಳ ಮೇಲೆ. ಅವು ಮತ್ತು ಜೀಪುಗಳು ಸೇರಿ ನಾಲ್ಕು ಲಕ್ಷದ ಹತ್ತಿರ.

ಅಟ್ಲಾಂಟಿಕ್ ಸಾಗರದ ಹೋರಾಟಕ್ಕೆ ಒಂದು ದಿನವಿಲ್ಲ, ಒಂದು ಊರಿಲ್ಲ. ಅದಕ್ಕೇ ಅದು ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿಯುವುದಿಲ್ಲ. ಬ್ರಿಟನ್ ತಿನ್ನುವ ಗೋಧಿ, ಮಾಂಸ, ಸುಡುವ ಎಣ್ಣೆ ಎಲ್ಲ ಹಡಗಿನಲ್ಲಿ ಬರಬೇಕು. ಜರ್ಮನ್ ಜಲಾಂತರ್ಗಾಮಿಗಳು ಅವುಗಳನ್ನು ಮುಳುಗಿಸುತ್ತಲೇ ಇದ್ದವು. 1943ರ ಮಾರ್ಚ್‌ವರೆಗೂ ಯಾರ ಕೈ ಮೇಲಾಗುತ್ತದೆ ಎಂದು ಹೇಳುವಂತಿರಲಿಲ್ಲ. ಆಮೇಲೆ ಬಹುದೂರ ಹಾರಬಲ್ಲ ಲಿಬರೇಟರ್ ವಿಮಾನಗಳು, ಹೊಸ ರೇಡಾರ್, ಜರ್ಮನರ ಎನಿಗ್ಮಾ ಸಂಕೇತಗಳನ್ನು ಒಡೆದ ಬುದ್ಧಿ, ಮುಳುಗಿದ್ದಕ್ಕಿಂತ ಹೆಚ್ಚು ಹಡಗು ಕಟ್ಟುವ ಅಮೆರಿಕದ ಹಡಗುಕಟ್ಟೆಗಳು ಎಲ್ಲ ಕೂಡಿಬಂದವು. ಮೇ ತಿಂಗಳೊಂದರಲ್ಲೇ ನಲವತ್ತಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡ್ಯೋನಿಟ್ಸ್, ಮಿಕ್ಕವನ್ನು ಹಿಂದಕ್ಕೆ ಕರೆಸಿಕೊಂಡ.

ಆದರೆ ಆ ಬಿಕ್ಕಟ್ಟಿನ ನಡುವೆ, 1943ರ ಜನವರಿಯಲ್ಲಿ, ಚರ್ಚಿಲ್ ಒಂದು ನಿರ್ಧಾರ ಮಾಡಿದ್ದರು. ಹಿಂದೂ ಮಹಾಸಾಗರದ ಕಡೆಗೆ ಹೊರಡುವ ಹಡಗುಗಳನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿ, ಉಳಿದವನ್ನು ಅಟ್ಲಾಂಟಿಕ್ಕಿಗೆ ತಿರುಗಿಸಿದರು. ಬ್ರಿಟನ್ನಿನ ಉಗ್ರಾಣ ತುಂಬಬೇಕಿತ್ತು. ಇದೇ ಹೊತ್ತಿಗೆ ಬಂಗಾಳದಲ್ಲಿ ಏನು ನಡೆಯುತ್ತಿತ್ತು?

1942ರ ಮಾರ್ಚಿನಲ್ಲಿ ರಂಗೂನ್ ಜಪಾನಿಗೆ ಬಿದ್ದಾಗ ಬರ್ಮಾದ ಅಕ್ಕಿ ಬರುವುದು ನಿಂತುಹೋಯಿತು. ಜಪಾನಿಗಳು ಕರಾವಳಿಯಲ್ಲಿ ಇಳಿದಾರು ಎಂಬ ಭಯದಿಂದ ಸರ್ಕಾರ ಬಂಗಾಳದ ಕೆಳನಾಡಿನ ಜಿಲ್ಲೆಗಳಲ್ಲಿ ಹೆಚ್ಚುವರಿ ಎನಿಸಿದ ಅಕ್ಕಿಯನ್ನು ಎತ್ತಿಸಿತು. ಹತ್ತು ಜನಕ್ಕಿಂತ ಹೆಚ್ಚು ಹೊರುವ ದೋಣಿಗಳನ್ನು ಕಿತ್ತುಕೊಂಡಿತು, ಮುಳುಗಿಸಿತು, ಸುಟ್ಟಿತು. ನಲವತ್ತು ಸಾವಿರಕ್ಕೂ ಹೆಚ್ಚು ದೋಣಿಗಳು ಹೀಗೆ ಹೋದವು. ನದಿಗಳೇ ರಸ್ತೆಗಳಾಗಿರುವ ಆ ನಾಡಿನಲ್ಲಿ ಮೀನುಗಾರ ಬಲೆ ಬೀಸಲು ಹೋಗುವುದು, ರೈತ ನಡುಗಡ್ಡೆಯ ಗದ್ದೆಗೆ ಹೋಗುವುದು, ಕುಂಬಾರ ಮಡಕೆ ಸಂತೆಗೆ ಒಯ್ಯುವುದು, ವ್ಯಾಪಾರಿ ಅಕ್ಕಿ ಸಾಗಿಸುವುದು ಎಲ್ಲವೂ ದೋಣಿಯಲ್ಲಿ. ಅಕ್ಟೋಬರ್ 16ರ ಚಂಡಮಾರುತ ಮೇದಿನಿಪುರದ ಕಡೆ ನಿಂತ ಬೆಳೆಯನ್ನು ಮಲಗಿಸಿತು. ಕಲ್ಕತ್ತೆಯಲ್ಲಿ ಯುದ್ಧದ ಕಾರ್ಖಾನೆಗಳ ಕೂಲಿಗಾರರಿಗೆ ಅಕ್ಕಿ ಕಾಯ್ದಿಟ್ಟರು, ಸೇನೆ ಕೊಂಡಿತು, ವರ್ತಕರು ಬಚ್ಚಿಟ್ಟರು, ಬೆಲೆ ಕೈಗೆಟುಕದ ಎತ್ತರಕ್ಕೆ ಏರಿತು. ಭೂಮಿಯಿಲ್ಲದ ಕೂಲಿ, ಮೀನುಗಾರ, ದೋಣಿಯವ, ಇವರ ಕೂಲಿ ಇದ್ದಲ್ಲೇ ಇತ್ತು. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ: ಅಕ್ಕಿ ಇದ್ದ ನಾಡಿನಲ್ಲಿ ಅದನ್ನು ಕೊಳ್ಳುವ ಶಕ್ತಿ ಕಳೆದುಕೊಂಡವರು ಸತ್ತರು. ವೈಸರಾಯ್ ಲಿನ್‌ಲಿತ್‌ಗೋ ಐದು ಲಕ್ಷ ಟನ್ ಧಾನ್ಯ ಬೇಕೆಂದು ಕೇಳಿದಾಗ ಲಂಡನ್ನಿನ ಯುದ್ಧ ಸಂಪುಟ ಹಡಗಿಲ್ಲವೆಂದು ಸಣ್ಣ ಪಾಲಿಗಷ್ಟೇ ಒಪ್ಪಿತು. 1943ರ ಆಗಸ್ಟ್ 22ರಂದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಯಲ್ಲಿ ಸಾಯುತ್ತಿದ್ದವರ ಫೋಟೋಗಳನ್ನು ಅಚ್ಚು ಹಾಕಿದ ಮೇಲೆ ಹೊರಜಗತ್ತು ನಂಬಿತು. ಈ ಕ್ಷಾಮದ ವಿಚಾರಣೆ ನಡೆಸಿದ ವುಡ್‌ಹೆಡ್ ಆಯೋಗ ಸತ್ತವರನ್ನು 15 ಲಕ್ಷ ಎಂದು ಅಂದಾಜು ಮಾಡಿತು. ಆಮೇಲಿನ ವಿದ್ವಾಂಸರ ಅಂದಾಜುಗಳು 30 ಲಕ್ಷದವರೆಗೂ ಹೋಗುತ್ತವೆ. ಆ ವರ್ಷ ಹಡಗುಗಳು ಇರಲಿಲ್ಲ ಎಂಬ ವಾದವನ್ನು ನಾನು ಓದಿದ್ದೇನೆ. ಹಡಗುಗಳು ಇದ್ದವು. ಯಾರ ಹಸಿವು ಮೊದಲು ಎಂದು ತೀರ್ಮಾನಿಸಿ ಅವನ್ನು ಬೇರೆ ಕಡೆ ಕಳಿಸಲಾಗಿತ್ತು.

1944ರ ಮಾರ್ಚಿನಲ್ಲಿ ಯುದ್ಧ ನಮ್ಮ ನೆಲಕ್ಕೇ ಬಂತು. ಜಪಾನಿನ ಮುತಾಗುಚಿ ರೆನ್ಯಾ ಮೂರು ಡಿವಿಷನ್ನುಗಳನ್ನು ಚಿಂದ್ವಿನ್ ನದಿ ದಾಟಿಸಿ ಇಂಫಾಲ ಮತ್ತು ಕೊಹಿಮಾದ ಕಡೆಗೆ ಅಟ್ಟಿದ. ಸುಮಾರು 85,000 ಸೈನಿಕರು, ಬೆನ್ನ ಮೇಲೆ ಮೂರು ವಾರದ ದಿನಸಿ. ಅಷ್ಟರೊಳಗೆ ಬ್ರಿಟಿಷರ ಗೋದಾಮುಗಳನ್ನು ಹಿಡಿದು ಅಲ್ಲಿನದನ್ನೇ ಉಣ್ಣುವುದು ಎಂಬ ಯೋಜನೆ. ಚೆಂಗಿಸ್ ಖಾನನ ಮಾದರಿ ಎಂದು ಸಾವಿರಾರು ದನಗಳನ್ನೂ ಹೊಡೆದುಕೊಂಡು ಹೊರಟರು. ದಾರಿಗೆ ಹೊರೆ ಹೊರಲಿ, ಹಸಿದಾಗ ಊಟವಾಗಲಿ ಎಂದು. ಬಹಳಷ್ಟು ದನಗಳು ನದಿಯಲ್ಲಿ ಕೊಚ್ಚಿಹೋದವು, ಬೆಟ್ಟದ ಕಡಿದಾದ ದಾರಿಯಲ್ಲಿ ಉರುಳಿ ಸತ್ತವು. ಅವರೊಡನೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಇತ್ತು. ಏಪ್ರಿಲ್ 14ರಂದು ಮೊಯಿರಾಂಗಿನಲ್ಲಿ ಅದರ ಬಾವುಟ ಏರಿತು. ಸ್ವಾತಂತ್ರ್ಯಕ್ಕಾಗಿ ಬಂದ ಆ ಸೈನಿಕರಿಗೂ ಅದೇ ಖಾಲಿ ಉಗ್ರಾಣದ ಪಾಲು ಸಿಕ್ಕಿತು. ಎದುರಿಗೆ ಬ್ರಿಟಿಷ್ ದಂಡನಾಯಕ ಸ್ಲಿಮ್ ಅವರ ಹದಿನಾಲ್ಕನೆಯ ಸೇನೆಯಲ್ಲಿದ್ದವರೂ ಬಹುಪಾಲು ಭಾರತೀಯರೇ.

ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಎರಡು ಬದಿಗೆ ಎರಡು ಸೇನೆಗಳು ಗುಂಡಿ ತೋಡಿ ಕೂತು ಕೈಬಾಂಬು ಎಸೆದಾಡಿಕೊಂಡವು. ಜಪಾನಿ ಡಿವಿಷನ್ನಿನ ನಾಯಕ ಸಾತೋ ಕೋತೊಕು, ಹೊರಟಾಗಿನಿಂದ ಒಂದು ಮೂಟೆ ಅಕ್ಕಿಯೂ ಬಂದಿಲ್ಲವೆಂದು ಮೇಲಿನವರಿಗೆ ಮತ್ತೆ ಮತ್ತೆ ತಿಳಿಸಿ, ಕೊನೆಗೆ ಅಪ್ಪಣೆಯನ್ನು ಮೀರಿ ತನ್ನವರನ್ನು ಹಿಂದಕ್ಕೆ ಕರೆದೊಯ್ದ. ಜಪಾನಿ ಸೇನೆಯಲ್ಲಿ ಕಂಡು ಕೇಳರಿಯದ ಸಂಗತಿ ಅದು. ಉಳಿದ ಜೀವಗಳ ಬಗ್ಗೆ ಅವನಿಗಿದ್ದ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಮುಂಗಾರಿನಲ್ಲಿ ಹಿಂದಿರುಗುವ ದಾರಿಯುದ್ದಕ್ಕೂ ಹಸಿವು, ಆಮಶಂಕೆ, ಮಲೇರಿಯಾಗಳಿಂದ ಸತ್ತವರು ಗುಂಡಿಗೆ ಬಿದ್ದವರಿಗಿಂತ ಹೆಚ್ಚು.

ಇತ್ತ ಇಂಫಾಲದಲ್ಲೂ ಒಂದೂವರೆ ಲಕ್ಷದಷ್ಟು ಜನ ಸುತ್ತುಗಟ್ಟಲ್ಪಟ್ಟಿದ್ದರು. ಸ್ಟಾಲಿನ್‌ಗ್ರಾಡಿನಲ್ಲಿ ಸೋತ ಉಪಾಯ ಇಲ್ಲಿ ಗೆದ್ದಿತು. ಅರಾಕಾನಿನಿಂದ ಐದನೆಯ ಇಂಡಿಯನ್ ಡಿವಿಷನ್ ತನ್ನ ಹೇಸರಗತ್ತೆ, ಫಿರಂಗಿಗಳ ಸಮೇತ ವಿಮಾನದಲ್ಲಿ ಬಂದು ಇಳಿಯಿತು. ದಿನವೂ ಅಕ್ಕಿ, ಹಿಟ್ಟು, ಮದ್ದುಗುಂಡು, ಪೆಟ್ರೋಲು ಬಂದವು. ವಾಪಸು ಹೋಗುವ ವಿಮಾನದಲ್ಲಿ ಗಾಯಾಳುಗಳೂ ಕಾದಾಡದ ಕೆಲಸಗಾರರೂ ಹೋದರು. ಆಕಾಶ ಇವರ ಕೈಯಲ್ಲಿತ್ತು, ವಿಮಾನಗಳೂ ಸಾಕಷ್ಟಿದ್ದವು. ಈ ರಂಗದ ಅಮೆರಿಕನ್ ವಿಮಾನಗಳ ದುರಸ್ತಿಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ಆಡಳಿತದಲ್ಲಿ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಜೂನ್ 22ರಂದು ಕೊಹಿಮಾ-ಇಂಫಾಲ ರಸ್ತೆ ತೆರೆಯಿತು. 2013ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯ ನಡೆಸಿದ ಮತದಾನದಲ್ಲಿ ಇಂಫಾಲ-ಕೊಹಿಮಾ ಆ ದೇಶದ ಅತಿ ದೊಡ್ಡ ಕದನವೆಂದು ಆಯ್ಕೆಯಾಯಿತು. ತಡವಾಗಿಯಾದರೂ ಸಂದ ಮನ್ನಣೆ.

ಇಂಫಾಲಕ್ಕೆ ಅನ್ನ ಹೊತ್ತ ವಿಮಾನಗಳು ಏರಿದ ನೆಲೆಗಳಲ್ಲಿ ಎರಡು ಕೊಮಿಲ್ಲಾ ಮತ್ತು ಚಿತ್ತಗಾಂಗ್. ಎರಡೂ ಪೂರ್ವ ಬಂಗಾಳದವು. ಹಿಂದಿನ ವರ್ಷ ಆ ಜಿಲ್ಲೆಗಳಲ್ಲಿ ಜನ ಗಂಜಿಗಾಗಿ ಸಾಲು ನಿಂತು ಸತ್ತಿದ್ದರು. ಒಂದೂವರೆ ಲಕ್ಷ ಮಂದಿಗೆ ಬೆಟ್ಟಗಳ ಮೇಲಿಂದ ದಿನವೂ ಊಟ ಒದಗಿಸುವ ಸಾಮರ್ಥ್ಯ ಅದೇ ಸರ್ಕಾರಕ್ಕೆ ಇತ್ತು. 1943ರ ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ ಕಲ್ಕತ್ತೆಗೆ ಹೋಗಿ ಕಣ್ಣಾರೆ ಕಂಡು, ಧಾನ್ಯ ಹಂಚಲು ಸೈನ್ಯವನ್ನು ಇಳಿಸಿದಾಗ ಲಾರಿಗಳು ಸಿಕ್ಕವು, ಜನ ಸಿಕ್ಕರು, ಹಳ್ಳಿಗಳಿಗೆ ಅಕ್ಕಿ ತಲುಪಲು ಶುರುವಾಯಿತು. ಆರು ತಿಂಗಳ ಮೊದಲೂ ಆ ಸೈನ್ಯ ಅಲ್ಲೇ ಇತ್ತು. ಆದ್ದರಿಂದ ಪಠ್ಯಕ್ರಮ ರೂಪಿಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ತಿರುವುಗಳ ಪಟ್ಟಿಯಲ್ಲಿ 1943ರ ಮೇ ತಿಂಗಳ ಅಟ್ಲಾಂಟಿಕ್ ಗೆಲುವಿಗೂ 1944ರ ಇಂಫಾಲಕ್ಕೂ ನಡುವೆ ಬಂಗಾಳ ಎಂದು ಒಂದು ಸಾಲು ಬರೆಯಿಸಿ. ಅಂಕ ಕೊಡುವ ಪ್ರಶ್ನೆಯಾಗಿಯೇ ಬರೆಯಿಸಿ. ಅಲ್ಲಿ ಸತ್ತವರು ಸ್ಟಾಲಿನ್‌ಗ್ರಾಡಿನಲ್ಲಿ ಶರಣಾದವರಿಗಿಂತ ಹದಿನೈದು ಪಟ್ಟಿಗೂ ಹೆಚ್ಚು, ಮತ್ತು ಅವರಲ್ಲಿ ಯಾರೂ ಯಾವ ದೇಶದ ಮೇಲೂ ಏರಿ ಹೋಗಿರಲಿಲ್ಲ.